ರಸ್ತೆಯಾಚೆಯ ಫ್ಯಾನು

ನನ್ನ ಅತ್ತಿಗೆ ಸರ್ವರಿಯ ಹೆಸರು ಹೈಕೋರ್ಟಿನ ಕಾಗದದಲ್ಲಿದೆ. ‘ಸರ್ವರಿ ಬೇಗಂ ಮತ್ತು ಇತರರು’ ಎಂದು. ಆ ಇತರರಲ್ಲಿ ನಾನೂ ಒಬ್ಬಳು. ಅವಳಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ನಾನು, ಕೋರ್ಟಿಗೆ ಹೋಗುವಾಗಲೆಲ್ಲ ಬಿಸಿಲಲ್ಲಿ ನಿಂತು ರಿಕ್ಷಾ ಹಿಡಿದವಳೂ ನಾನು. ಆದರೂ ಗಲ್ಲಿಯಲ್ಲಿ ಯಾರೂ ಖುರ್ಷೀದಾಳ ಕೇಸು ಅನ್ನುವುದಿಲ್ಲ, ಸರ್ವರಿಯ ಕೇಸು ಅನ್ನುತ್ತಾರೆ. ಅನ್ನಲಿ. ಹೊಟ್ಟೆಕಿಚ್ಚು ನನಗೂ ಇದೆ, ಆದರೆ ಅತ್ತಿಗೆಯದರ ಮುಂದೆ ನನ್ನದು ಬೀಡಿಯ ತುದಿ.

ನಮ್ಮದು ಹೈದರಾಬಾದು. ಚಾರ್‌ಮಿನಾರಿನದಲ್ಲ, ಪಾಕಿಸ್ತಾನದ ಸಿಂಧೂ ನದಿ ದಡದ್ದು. ಇಲ್ಲಿನ ಕುಲುಮೆಗಳಿಂದ ಗಾಜಿನ ಬಳೆಗಳು ಬಾಯಿ ತೆರೆದುಕೊಂಡೇ ನಮ್ಮ ಮನೆಗಳಿಗೆ ಬರುತ್ತವೆ. ಗ್ಯಾಸಿನ ಸಣ್ಣ ಉರಿಯ ಮುಂದೆ ಕೂತು ಒಂದೊಂದರ ಬಾಯಿ ಕೂಡಿಸುವುದು ಹೆಂಗಸರ ಕೆಲಸ. ಉರಿ ಅಲುಗಬಾರದು. ಹಾಗಾಗಿ ಕೆಲಸ ನಡೆಯುವಾಗ ಫ್ಯಾನು ಹಾಕುವ ಹಾಗಿಲ್ಲ, ಕಿಟಕಿ ತೆರೆಯುವ ಹಾಗೂ ಇಲ್ಲ, ಮೇ ತಿಂಗಳಲ್ಲೂ ಇಲ್ಲ. ದಿನವಿಡೀ ಹಾಗೆ ಬೆಂದವಳು ಸಂಜೆ ಉರಿ ಆರಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಫ್ಯಾನಿನ ಸ್ವಿಚ್ಚಿಗೆ ಕೈ ಹಾಕುತ್ತಾಳೆ. ಕರೆಂಟು ಇರುವುದಿಲ್ಲ. ನಮ್ಮ ಗಲ್ಲಿಯಲ್ಲಿ ಅದು ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು, ಬಂದಾಗಲೂ ಬಲ್ಬು ಮಿಣುಕುಹುಳದಷ್ಟೇ ಉರಿಯುತ್ತಿತ್ತು.

ಅತ್ತಿಗೆ ಹುಟ್ಟಾ ಹೊಟ್ಟೆಕಿಚ್ಚಿನವಳು. ಪಕ್ಕದ ಮನೆಯವರು ದುಬಾರಿ ಪಲ್ಲಾ ಮೀನು ತಂದರೆ ಆ ದಿನ ನಮ್ಮ ಬೇಳೆಗೆ ಉಪ್ಪು ಹೆಚ್ಚಾಗುತ್ತದೆ. ಬಕ್ರೀದಿಗೆ ಯಾರ ಮನೆಯ ಹೋತ ಕೊಬ್ಬಿದೆಯೋ ಅಲ್ಲಿಗೆ ಹೋಗಿ, ಅದರ ಬಾಯಿ ಬಿಡಿಸಿ ಹಲ್ಲು ನೋಡಿ, “ಮುದೀದು ಕಣ್ರೇ, ಮೋಸ ಹೋದ್ರಿ” ಎಂದು ಹೇಳಿ ಬಾರದಿದ್ದರೆ ಅವಳಿಗೆ ಹಬ್ಬ ಹಬ್ಬವಲ್ಲ. ಆದರೆ ಇವೆಲ್ಲ ಚಿಲ್ಲರೆ. ಅವಳ ನಿಜವಾದ ಹೊಟ್ಟೆಯುರಿ ರಸ್ತೆಯಾಚೆ ಇತ್ತು. ಅದರ ಹೆಸರು ಅನ್ವರಿ.

ಅನ್ವರಿ ಅವಳ ಒಡಹುಟ್ಟಿದ ತಂಗಿ. ಆಸ್ಪತ್ರೆ ರಸ್ತೆಯಾಚೆಯ ಮನೆಯ ಸಂಬಂಧ ಮೊದಲು ಬಂದದ್ದು ಅಕ್ಕನಿಗೆ. ನೋಡಲು ಬಂದವರಿಗೆ ಶರಬತ್ತು ತಂದುಕೊಟ್ಟ ತಂಗಿ ಹಿಡಿಸಿದಳು. ಅಕ್ಕ ನನ್ನ ಅಣ್ಣ ಮುನವ್ವರನ ಪಾಲಿಗೆ ಬಂದಳು. ನನ್ನ ಅಣ್ಣ ದನದಂಥ ಸಾಧು, ಕುಲುಮೆಯಿಂದ ಬಂದು ಉಂಡು ಮಲಗುವವನು. ಆದರೂ ಮನೆಯಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೆ ಸಾಕು, ಆ ಶರಬತ್ತಿನ ಲೋಟ ನಡುಮನೆಗೆ ಬಂದು ನಿಲ್ಲುತ್ತದೆ.

ಎರಡು ಮನೆಗಳ ನಡುವೆ ಒಂದು ರಸ್ತೆ, ಅಷ್ಟೇ. ಆದರೆ ಆಚೆ ಬದಿ ಆಸ್ಪತ್ರೆಯ ಲೈನಿನಲ್ಲಿದೆ. ಆಸ್ಪತ್ರೆಗೆ ಕರೆಂಟು ತಪ್ಪುವ ಹಾಗಿಲ್ಲ, ಅದರ ಬಾಲ ಹಿಡಿದುಕೊಂಡು ಅನ್ವರಿಯ ಸಾಲಿನ ಮನೆಗಳಿಗೂ ತಪ್ಪುತ್ತಿರಲಿಲ್ಲ. ನಮ್ಮ ಚಾವಣಿಯ ಮೇಲೆ ನಿಂತರೆ ಅವಳ ಕಿಟಕಿ ಕಾಣುತ್ತದೆ, ಕಿಟಕಿಯೊಳಗೆ ತಿರುಗುವ ಫ್ಯಾನು ಕಾಣುತ್ತದೆ. ಗಲ್ಲಿಯೆಲ್ಲ ಕತ್ತಲಾದಾಗ ಜನ ಗಾಳಿಗೆಂದು ಚಾವಣಿ ಹತ್ತಿದರೆ, ಅತ್ತಿಗೆ ಹತ್ತುತ್ತಿದ್ದದ್ದು ಆ ಫ್ಯಾನು ನೋಡುವುದಕ್ಕೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಹತ್ತಿರದ ಫ್ಯಾನಿನ ಬಗ್ಗೆ ಯಾರೂ ಗಾದೆ ಮಾಡಿಲ್ಲ.

“ನೋಡು ನೋಡು ಖುರ್ಷೀದಾ, ಮನೇಲಿ ಯಾರೂ ಇಲ್ಲ, ಆದ್ರೂ ತಿರುಗ್ತಿದೆ. ದೆವ್ವಕ್ಕೆ ಗಾಳಿ ಹಾಕ್ತಿದಾಳೆ” ಅನ್ನುವಳು.

“ನೋಡ್ಬೇಡ ಭಾಬಿ, ಕೆಳಗಿಳಿ.”

“ಯಾಕೆ ಇಳೀಲಿ? ನೋಡೋಕೂ ಬಿಲ್ ಕಟ್ಬೇಕಾ?”

ಇಷ್ಟೆಲ್ಲದರ ನಡುವೆ ಅವಳ ಹತ್ತಿರ ಒಂದು ಗೆಲುವಿತ್ತು. ತಾಯಿ ಹಮೀದನ್ ಬೀ ಅವಳ ಜೊತೆಗಿದ್ದಳು. ಗಂಡುಮಕ್ಕಳಿಲ್ಲದ ತಾಯಿ, ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣದು. ಅನ್ವರಿ ಎಷ್ಟು ಕರೆದರೂ ಆಕೆ, “ನಾನು ಸರ್ವರಿ ಹತ್ರಾನೇ ಇರ್ತೀನಿ” ಅನ್ನುತ್ತಿದ್ದಳು. ಆ ಒಂದು ಮಾತನ್ನು ಅತ್ತಿಗೆ ಗಲ್ಲಿಗೆಲ್ಲ ಸಕ್ಕರೆಯ ಹಾಗೆ ಹಂಚಿದ್ದಳು. ತಂಗಿಗೆ ಫ್ಯಾನಿರಲಿ, ಫ್ರಿಜ್ಜಿರಲಿ, ತನಗೆ ಅಮ್ಮಾ ಇದ್ದಾಳೆ.

ಅದನ್ನೂ ಕಸಿದುಕೊಂಡದ್ದು ನಮ್ಮ ಗಲ್ಲಿಯ ಟ್ರಾನ್ಸ್‌ಫಾರ್ಮರು. ಅದು ಪ್ರತಿ ಬೇಸಿಗೆಯಲ್ಲೂ ಸುಡುತ್ತಿತ್ತು. ಕರೆಂಟು ಕಂಪನಿಯವರನ್ನು ಕೇಳಿದರೆ, ನಿಮ್ಮದು ಕಳ್ಳರ ಗಲ್ಲಿ, ನೀವೇ ರಿಪೇರಿ ಮಾಡಿಸಿಕೊಳ್ಳಿ ಅನ್ನುತ್ತಿದ್ದರು. ಮೇಲಿನ ತಂತಿಗೆ ಕೊಕ್ಕೆ ಎಸೆದು ಕರೆಂಟು ಎಳೆಯುವುದಕ್ಕೆ ಇಲ್ಲಿ ಕುಂಡಾ ಅನ್ನುತ್ತಾರೆ, ಅರ್ಧ ಗಲ್ಲಿಗೆ ಅದೇ ಆಧಾರ, ಇಲ್ಲ ಅನ್ನುವುದಿಲ್ಲ. ಹಾಗೆಂದು ಬಿಲ್ಲು ಕಟ್ಟಿದವರೂ ಕತ್ತಲಲ್ಲಿ ಕೂರಬೇಕೆಂದರೆ ಅದು ಯಾವ ನ್ಯಾಯ? ಗಲ್ಲಿಯವರು ಚಂದಾ ಎತ್ತಿ ಅದನ್ನು ರಿಪೇರಿ ಮಾಡಿಸುವುದು ರೂಢಿ. ಆ ವರ್ಷ ಚಂದಾ ಕೂಡಲಿಲ್ಲ, ಅದು ವಾರ ಕಳೆದರೂ ಸುಟ್ಟುಕೊಂಡೇ ನಿಂತಿತು. ಆ ಸೆಖೆಯಲ್ಲಿ ಹಮೀದನ್ ಬೀ ನೀರಿನ ಹೂಜಿಯ ಪಕ್ಕ ಎಚ್ಚರ ತಪ್ಪಿ ಬಿದ್ದಳು. ಅನ್ವರಿ ರಿಕ್ಷಾ ತಂದು, ಅಕ್ಕನ ಮುಖವನ್ನೂ ನೋಡದೆ, ತಾಯಿಯನ್ನು ಕೂರಿಸಿಕೊಂಡು ಹೋದಳು.

ಟ್ರಾನ್ಸ್‌ಫಾರ್ಮರು ರಿಪೇರಿಯಾಯಿತು, ಅಮ್ಮಾ ಬರಲಿಲ್ಲ. ಡಾಕ್ಟರು, ಇವರನ್ನು ಸೆಖೆಯಲ್ಲಿ ಇಡಬೇಡಿ ಅಂದರಂತೆ. ಅತ್ತಿಗೆ ಚಾವಣಿ ಹತ್ತಿ ನೋಡಿದರೆ ಅದೇ ಫ್ಯಾನಿನ ಕೆಳಗೆ ಈಗ ತಾಯಿಯ ಬಿಳಿ ದುಪಟ್ಟಾ ಹಾರಾಡುತ್ತಿತ್ತು. ಅವತ್ತು ಅವಳು ನನ್ನ ಎದುರೇ ಅತ್ತಳು. “ಗಂಡನ್ನ ಕಿತ್ಕೊಂಡ್ಲು, ಸುಮ್ಮನಿದ್ದೆ. ಈಗ ಅಮ್ಮಾನ್ನೂ ಕಿತ್ಕೊಂಡ್ಲು. ಒಂದು ಫ್ಯಾನ್ ತೋರಿಸಿ ಕಿತ್ಕೊಂಡ್ಲು ಖುರ್ಷೀದಾ.”

ಕೇಸು ಹುಟ್ಟಿದ್ದು ಅದಾದ ಮೇಲಿನ ಮಳೆಯಲ್ಲಿ. ಗಲ್ಲಿಯ ಬಾಯಲ್ಲಿರುವ ಕಬ್ಬಿಣದ ಕಂಬಕ್ಕೆ ಮಳೆ ಬಂದರೆ ಕರೆಂಟು ಇಳಿಯುತ್ತದೆಂದು ನಮಗೆಲ್ಲ ಗೊತ್ತು, ಮಕ್ಕಳು ಕೂಡ ದೂರದಿಂದ ಹಾರಿಕೊಂಡು ಹೋಗುತ್ತಾರೆ. ಬಳೆ ಗಾಡಿ ತಳ್ಳುವ ಸಾಜನ್ ಹೊಸಬ, ಅವನಿಗೆ ಗೊತ್ತಿರಲಿಲ್ಲ. ಕೆಸರಲ್ಲಿ ಜಾರಿದವನು ಆಸರೆಗೆಂದು ಕಂಬ ಹಿಡಿದ, ಬಿಡಲಿಲ್ಲ. ಆಮೇಲೆ ಗಲ್ಲಿಯವರು ಕಂಬಕ್ಕೆ ಹಳೇ ಸೈಕಲ್ ಟ್ಯೂಬು ಸುತ್ತಿದರು.

ಸಾಜನ್ನನ ಮನೆಗೆ ಸಮಾಧಾನ ಹೇಳಲು ಬಂದ ವಕೀಲೆ ಮಾಹಪಾರಾ ಸೋಮ್ರೋ ಆ ಟ್ಯೂಬು ನೋಡಿ, ಇದನ್ನು ಹೈಕೋರ್ಟಿಗೆ ಒಯ್ಯಬೇಕು, ಊರವರೆಲ್ಲರ ಪರವಾಗಿ ಯಾರಾದರೊಬ್ಬರು ಮುಂದೆ ಬನ್ನಿ ಅಂದಳು. ತೊಟ್ಟ ಕರಿ ಕೋಟಿಗಿಂತ ಸಣ್ಣ ಹುಡುಗಿಯ ಹಾಗಿದ್ದಳು, ಮಾತು ಮಾತ್ರ ಚೂರಿ. ಬಿಲ್ಲು ಕಟ್ಟುವವರೇ ಆಗಬೇಕು, ಕುಂಡಾದವರು ನಿಂತರೆ ಕಂಪನಿಯ ವಕೀಲ ಮೊದಲ ದಿನವೇ ಓಡಿಸುತ್ತಾನೆ ಎಂದೂ ಹೇಳಿದಳು. ಗಂಡಸರೆಲ್ಲ ಆಕಾಶ ನೋಡಿದರು. ಅತ್ತಿಗೆ ಎದ್ದು ನಿಂತಳು.

“ಖಾಲಾ, ನಿಮ್ಮನೇಲಿ ನಿಜವಾಗ್ಲೂ ಕುಂಡಾ ಇಲ್ವಾ?” ವಕೀಲೆ ಕೇಳಿದಳು.

“ಥೂ! ನನ್ನ ತಂಗಿ ಗಂಡ ಒಂದ್ಸಲ ಈ ಗಲ್ಲೀಲಿರೋರೆಲ್ಲ ಕಳ್ಳರು ಅಂದ. ಅವತ್ತಿಂದ ಹೊಟ್ಟೆಗಿಲ್ದಿದ್ರೂ ಬಿಲ್ ಕಟ್ಟಿದೀನಿ, ಅವನ ಬಾಯಿ ಮುಚ್ಚಿಸೋಕೆ.”

“ಒಳ್ಳೇದಾಯ್ತು. ಈಗ ನಿಮ್ಮ ದೂರು ಏನು ಹೇಳಿ.”

“ಅನ್ವರಿಗೆ ಕರೆಂಟಿದೆ.”

“ಅದಲ್ಲ ಖಾಲಾ, ನಿಮಗೇನು ಕಷ್ಟ?”

“ಅದೇ ಕಷ್ಟ! ಒಂದೇ ರಸ್ತೆ, ಅವಳಿಗಿದೆ, ನನಗಿಲ್ಲ. ಬರ್ಕೊಳ್ಳಮ್ಮ.”

ವಕೀಲೆ ಪೆನ್ನು ಹಿಡಿದುಕೊಂಡೇ ನಕ್ಕಳು. “ನೀವಿದನ್ನ ಹೊಟ್ಟೆಕಿಚ್ಚು ಅಂತೀರಿ, ಕೋರ್ಟಲ್ಲಿ ತಾರತಮ್ಯ ಅಂತಾರೆ. ಕೇಸು ಗಟ್ಟಿಯಾಗಿದೆ.”

ಅರ್ಜಿಯಲ್ಲಿ ಮೂರು ಬೇಡಿಕೆಗಳಿದ್ದವು. ಕಂಬಗಳನ್ನು ಸರಿಪಡಿಸಬೇಕು, ಹೊಸ ಟ್ರಾನ್ಸ್‌ಫಾರ್ಮರು ಹಾಕಬೇಕು, ರಸ್ತೆಯ ಎರಡೂ ಬದಿಗೆ ಕರೆಂಟು ಸಮನಾಗಿ ಸಿಗಬೇಕು. ಊರಿಗೆಲ್ಲ ಒಳ್ಳೆಯದಾಗುವ ಬೇಡಿಕೆಗಳೇ. ಆದರೆ ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದ್ದು ನಾಲ್ಕನೆಯದನ್ನು: “ಇಲ್ಲೂ ಫ್ಯಾನ್ ತಿರುಗ್ಲಿ, ಆಮೇಲೆ ಅಮ್ಮಾನ್ನ ಹೆಂಗೆ ಇಟ್ಕೋತಾಳೋ ನಾನೂ ನೋಡ್ತೀನಿ.”

ಕೋರ್ಟಲ್ಲಿ ಕಂಪನಿಯವರು, ಆ ಗಲ್ಲಿಗೆ ಕರೆಂಟು ಹೋಗುವುದೇ ಅಪರೂಪ ಎಂದು ಕಣ್ಣು ಮಿಟುಕಿಸದೆ ಹೇಳಿದರು. ಜಡ್ಜು ಸಾಹೇಬರು ಕೋರ್ಟಿನ ಅಧಿಕಾರಿಯೊಬ್ಬನನ್ನು, ಹೋಗಿ ಕಣ್ಣಾರೆ ನೋಡಿಕೊಂಡು ಬಾ ಎಂದು ಕಳಿಸಿದರು. ಗಲ್ಲಿಯವರು ಹಿಂದಿನ ದಿನವೇ ಕುಂಡಾಗಳನ್ನೆಲ್ಲ ಇಳಿಸಿ ಮಂಚದಡಿ ಸೇರಿಸಿದರು. ಕಂಪನಿಯವರೂ ದಡ್ಡರಲ್ಲ. ಆ ದಿನ ಬೆಳಗಿನ ನಮಾಜಿಗೇ ಕರೆಂಟು ಬಂತು. ಮಿಣುಕುಹುಳವಲ್ಲ, ಮದುವೆಮನೆಯಂಥ ಬೆಳಕು. ಹೋಗಲೇ ಇಲ್ಲ.

ಬುದ್ಧಿಯಿದ್ದವರು ಏನು ಮಾಡಬೇಕಿತ್ತು? ಸ್ವಿಚ್ಚು ಆರಿಸಿ, ಬೆವರು ಸುರಿಸಿಕೊಂಡು, ಇದು ಇವತ್ತಿನ ನಾಟಕ ಸಾಹೇಬರೇ ಎಂದು ಬೊಬ್ಬೆ ಹೊಡೆಯಬೇಕಿತ್ತು. ನಾವು ಹೆಂಗಸರು ಸಿಕ್ಕಿದ್ದೇ ಸೀರುಂಡೆ ಎಂದು ಮುಗಿಬಿದ್ದೆವು. ಒಬ್ಬಳು ನೀರಿನ ಮೋಟಾರು ಹಾಕಿದಳು, ಒಬ್ಬಳು ಇಡೀ ವರ್ಷದ ಇಸ್ತ್ರಿ ಎಳೆದಳು, ಒಬ್ಬಳು ಮಸಾಲೆ ಅರೆದೇ ಅರೆದಳು. ಅತ್ತಿಗೆ ಪಕ್ಕದವರ ಫ್ರಿಜ್ಜಲ್ಲಿ ಐಸು ಕಟ್ಟಿಸಿದಳು. ಅಧಿಕಾರಿ ಬಿಸಿಲಲ್ಲಿ ಬೆಂದು ಬಂದಾಗ, ಮನೆಗೆ ಬಂದ ಅತಿಥಿ ಎಂದು ಫ್ಯಾನಿನ ಕೆಳಗೆ ಕೂರಿಸಿ, ಬಾದಾಮಿ ಅರೆದ ಥಾದಲ್‌ಗೆ ಐಸು ಹಾಕಿ ಎರಡು ಲೋಟ ಕುಡಿಸಿದಳು. ಅವನು ಕಂಬದ ಸೈಕಲ್ ಟ್ಯೂಬು ನೋಡಿ ಬರೆದುಕೊಂಡ, ಕರೆಂಟು ಧಾರಾಳವಾಗಿದೆ ಎಂದೂ ಬರೆದುಕೊಂಡ.

“ಖಾಲಾ!” ವಕೀಲೆ ತಲೆಯ ಮೇಲೆ ಕೈ ಹೊತ್ತಳು. “ಕರೆಂಟಿಲ್ಲ ಅನ್ನೋದನ್ನ ನೋಡೋಕೆ ಬಂದವನಿಗೆ ಐಸ್ ಹಾಕಿ ಕೊಟ್ರಾ?”

“ಮತ್ತೇನು ಬಿಸಿನೀರು ಕೊಡ್ಲಾ? ಮನೆ ಮರ್ಯಾದೆ ಅಲ್ವೇನಮ್ಮ? ಅನ್ವರಿ ಮನೆಗೆ ಹೋಗಿದ್ರೆ ಅವಳು ಐಸ್ ಕೊಡ್ತಿರ್ಲಿಲ್ವಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನು ಒಂದೇ ದಾರಿ ಎಂದಳು ವಕೀಲೆ. ಆಚೆ ಬದಿಯವರು ಯಾರಾದರೂ ಕೋರ್ಟಿಗೆ ಬಂದು, ನಮಗೆ ಕರೆಂಟು ಹೋಗುವುದೇ ಇಲ್ಲ, ಎದುರು ಬದಿಗೆ ಇರುವುದೇ ಇಲ್ಲ, ನಾವು ದಿನವೂ ಕಣ್ಣಾರೆ ನೋಡುತ್ತೇವೆ ಎಂದು ಪ್ರಮಾಣ ಮಾಡಬೇಕು. ಯಾರು ಮಾಡುತ್ತಾರೆ? ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ ಹಾಗೆ. ನಾನು ಅನ್ವರಿಯ ಹೆಸರೆತ್ತಿದೆ. ಅತ್ತಿಗೆ ಉರಿದುಬಿದ್ದಳು. “ಅವಳ ಬಾಗಿಲಿಗೆ ಹೋಗಿ ಬೆಳಕು ಬೇಡ್ಲಾ? ನನ್ನ ಹೆಣಾನೂ ಹೋಗಲ್ಲ.”

ಹೆಣ ಹೋಗದಿದ್ದರೆ ನಾದಿನಿ ಹೋಗಬೇಕಾಯಿತು. ಅನ್ವರಿ ಹಿಟ್ಟು ನಾದುತ್ತಿದ್ದಳು. ನನ್ನ ಮಾತು ಮುಗಿಯುವ ತನಕ ತಲೆಯೆತ್ತಲಿಲ್ಲ.

“ನಾನು ಹೇಳಿದ್ರೆ ನನ್ನ ಮನೆ ಕರೆಂಟೂ ಹೋಗುತ್ತಾ?” ಕೇಳಿದಳು.

“ಹೋಗ್ಬಹುದು. ಇಬ್ರಿಗೂ ಸಮಪಾಲು ಅಂತಾರೆ ವಕೀಲೆ. ಸುಳ್ಳು ಯಾಕೆ ಹೇಳ್ಲಿ.”

“ಹೋಗ್ಬಹುದಾ, ಖಂಡಿತಾ ಹೋಗುತ್ತಾ?”

“ಹೋಗುತ್ತೆ ಕಣೇ.”

“ಸರಿ, ಬರ್ತೀನಿ” ಅಂದಳು. ಪಾಪ, ಹೆದರಿದ್ದಾಳೆ, ಆದರೂ ಬರುತ್ತಿದ್ದಾಳೆ ಅಂದುಕೊಂಡೆ ನಾನು. ನನಗೂ ವಯಸ್ಸಾಗಿದೆ, ಬುದ್ಧಿ ಬಂದಿಲ್ಲ.

ಅನ್ವರಿ ಗಂಡನ ಕೂಗಾಟವನ್ನೂ ಲೆಕ್ಕಿಸದೆ ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಜಡ್ಜು ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದರು. ವಕೀಲೆ ಹೊರಗೆ ಬಂದು ಅವಳ ಕೈ ಹಿಡಿದುಕೊಂಡು, ಇಂಥ ತಂಗಿ ಎಲ್ಲರಿಗೂ ಸಿಗಲ್ಲ ಎಂದಳು. ಮಾರನೆಯ ದಿನದ ಪತ್ರಿಕೆಯಲ್ಲಿ ‘ಅಕ್ಕನಿಗಾಗಿ ಬೆಳಕು ಬಿಟ್ಟುಕೊಟ್ಟ ತಂಗಿ’ ಎಂದು ಬಂತು, ಪಕ್ಕದಲ್ಲಿ ಅನ್ವರಿಯ ಫೋಟೋ. ಅತ್ತಿಗೆ ಆ ಪತ್ರಿಕೆಯಲ್ಲಿ ಮೆಣಸಿನಕಾಯಿ ಒಣಗಿಸಿದಳು.

“ಕೇಸು ನನ್ನದು. ಓಡಾಡಿದ್ದು ನಾನು. ಫೋಟೋ ಅವಳದ್ದು. ಶರಬತ್ತು ತಂದುಕೊಟ್ಟು ಗಂಡನ್ನ ಹೊಡ್ಕೊಂಡ ಹಾಗೇ ಇದು.”

“ಓಡಾಡಿದ್ದು ನಾವಿಬ್ರು ಭಾಬಿ” ಅಂದೆ. ಅವಳ ಕಿವಿಗೆ ಅದು ಬೀಳಲಿಲ್ಲ.

ತೀರ್ಪು ನಮ್ಮ ಕಡೆಗೇ ಆಯಿತು. ಕಂಬಕ್ಕೆ ರಬ್ಬರಿನ ಹೊದಿಕೆ ಬಂತು, ಸಾಜನ್ನನ ಹೆಂಡತಿಗೆ ಪರಿಹಾರದ ಆದೇಶವಾಯಿತು, ಹೊಸ ಟ್ರಾನ್ಸ್‌ಫಾರ್ಮರು ಲಾರಿಯಲ್ಲಿ ಬಂದಾಗ ಗಲ್ಲಿಯವರು ಅದಕ್ಕೆ ಗುಲಾಬಿ ಹಾರ ಹಾಕಿದರು. ಕುಂಡಾದವರೆಲ್ಲ ಗೊಣಗಿಕೊಂಡು ಮೀಟರು ಹಾಕಿಸಿಕೊಂಡರು. ಆಸ್ಪತ್ರೆಯ ಲೈನು ಇನ್ನು ಮುಂದೆ ಆಸ್ಪತ್ರೆಗೆ ಮಾತ್ರ, ರಸ್ತೆಯ ಎರಡೂ ಬದಿಯ ಮನೆಗಳಿಗೆ ಸರದಿಯ ಮೇಲೆ ಕರೆಂಟು. ಈ ಬದಿಗೆ ಇದ್ದಾಗ ಆ ಬದಿಗಿಲ್ಲ, ಆ ಬದಿಗೆ ಇದ್ದಾಗ ಈ ಬದಿಗಿಲ್ಲ.

ಹೊಸ ಸರದಿಯ ಮೊದಲ ಮಧ್ಯಾಹ್ನ ನಮ್ಮ ಬದಿಯದು. ಅತ್ತಿಗೆ ಆ ದಿನ ಬಳೆ ಮುಟ್ಟಲಿಲ್ಲ, ಉರಿ ಹಚ್ಚಲಿಲ್ಲ. ಅಣ್ಣನನ್ನೂ ಗಲ್ಲಿಯ ಮೂವರು ಗಂಡಸರನ್ನೂ ಕರೆದುಕೊಂಡು ಹೋಗಿ, ಕರೆಂಟಿಲ್ಲದ ಅನ್ವರಿಯ ಮನೆಯಿಂದ ತಾಯಿಯನ್ನು ಮಂಚದ ಸಮೇತ ಎತ್ತಿಸಿದಳು. ರಿಕ್ಷಾ, ಕತ್ತೆಗಾಡಿ ಎಲ್ಲ ನಿಲ್ಲಿಸಿ ರಸ್ತೆ ದಾಟಿಸಿದಳು, ದಿಬ್ಬಣ ಹೊರಟ ಹಾಗೆ. ಅನ್ವರಿ ತಡೆಯಲಿಲ್ಲ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ನಮ್ಮ ನಡುಮನೆಯಲ್ಲಿ ಫ್ಯಾನು ಭರ್ರನೆ ತಿರುಗುತ್ತಿತ್ತು. ಅದರ ಕೆಳಗೆ ಮಂಚ ಇಳಿಸಿ, ಅತ್ತಿಗೆ ತಾಯಿಯ ಕಾಲ ಬಳಿ ಕೂತಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

“ಗಾಳಿ ಹೆಂಗಿದೆ ಅಮ್ಮಾ?”

“ಚೆನ್ನಾಗಿದೆ ಮಗಳೇ. ಅನ್ವರಿ ಕಡೆ ಕರೆಂಟಿದೆಯಾ?”

“ಇಲ್ಲ. ಈಗ ನಮ್ಮ ಸರದಿ” ಅಂದಳು ಅತ್ತಿಗೆ, ಬಾಯಲ್ಲಿ ರಬ್ಡಿ ಇಟ್ಟುಕೊಂಡವಳಂತೆ.

“ಅಯ್ಯೋ ಪಾಪ. ಅವಳಿಗೆ ಸೆಖೆ ತಡಿಯಲ್ಲ.”

ಸ್ವಲ್ಪ ಹೊತ್ತಿನ ಮೇಲೆ, “ಬಂತಾ ಅಲ್ಲಿ?” ಇನ್ನೂ ಸ್ವಲ್ಪ ಹೊತ್ತಿನ ಮೇಲೆ, “ಅನ್ವರಿ ಕಡೆ ಬಂತೇನೋ ನೋಡೇ ಸರ್ವರಿ.” ಅತ್ತಿಗೆಯ ಮುಖ ನೋಡನೋಡುತ್ತ ಸುಟ್ಟ ಬದನೆಕಾಯಿಯಾಯಿತು. ತಾಯಿಗೆ ಜೊಂಪು ಹತ್ತಿದ ಮೇಲೆ ಅನ್ವರಿ ಒಂದು ದಿಂಬು ಹಿಡಿದುಕೊಂಡು ಬೆವರೊರೆಸುತ್ತ ಬಂದಳು.

“ಅಮ್ಮಾಗೆ ಬೇರೆ ದಿಂಬಲ್ಲಿ ನಿದ್ದೆ ಬರಲ್ಲ ಆಪಾ” ಎಂದು ಅಕ್ಕನಿಗೆ ಮೆಲ್ಲಗೆ ಹೇಳಿದಳು.

“ದಿಂಬಿಗೆ ಏನಂತೆ? ನಿನ್ನದೇ ಜಪ ಮಾಡ್ತಾ ನಿದ್ದೆ ಹೋದಳು” ಅತ್ತಿಗೆ ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಬಂದಾಗಿನಿಂದ ಒಂದೇ ಮಾತು, ಅನ್ವರಿ ಕಡೆ ಕರೆಂಟು ಬಂತಾ, ಅನ್ವರಿ ಕಡೆ ಕರೆಂಟು ಬಂತಾ. ಏನು ಮದ್ದು ಹಾಕಿದೀಯ ಅವಳಿಗೆ?”

ಅನ್ವರಿ ದಿಂಬನ್ನು ಎದೆಗವಚಿಕೊಂಡು ಅಲ್ಲೇ ಕೂತುಬಿಟ್ಟಳು. “ನಿಜವಾಗ್ಲೂ ಕೇಳಿದ್ಲಾ? ನನ್ನ ಹೆಸರು ಹೇಳಿ ಕೇಳಿದ್ಲಾ?”

“ಹೂಂ. ಕುಣಿ.”

“ನನ್ನ ಮನೇಲಿ ವರ್ಷದ ಮೇಲಿದ್ಲು ಆಪಾ. ನನ್ನ ಫ್ಯಾನು, ನನ್ನ ಹಾಸಿಗೆ, ನನ್ನ ಕೈ ಊಟ. ಬಾಯಿ ತೆಗೆದ್ರೆ ‘ಸರ್ವರಿ ಕಡೆ ಕರೆಂಟು ಬಂತಾ?’ ತುತ್ತು ಬಾಯಿಗಿಟ್ರೂ ಅದೇ, ಸ್ನಾನ ಮಾಡಿಸಿದ್ರೂ ಅದೇ. ‘ಪಾಪ ಸರ್ವರಿ ಬೇಯ್ತಿರ್ತಾಳೆ’ ಅಂತ. ನಾನು ಎದುರಲ್ಲೇ ಇದೀನಿ, ನನ್ನನ್ನ ಹೆಂಗಿದೀಯ ಅಂತ ಯಾಕೆ ಕೇಳ್ತಾಳೆ? ನನ್ನ ಮನೇಲಿ ಕರೆಂಟು ಹೋಗ್ಲೇ ಇಲ್ವಲ್ಲ.” ಅವಳು ಅಕ್ಕನ ಕಡೆ ತಿರುಗಿದಳು. “ಕೋರ್ಟಿಗೆ ನಿನ್ನ ಮೇಲಿನ ಪ್ರೀತಿಗೆ ಬಂದೆ ಅಂದ್ಕೊಂಡ್ಯಾ? ಪೇಪರಿನೋರು ಬರೀತಾರೆ, ಬರೀಲಿ. ಹಾಳಾಗ್ಲಿ ನನ್ನ ಕರೆಂಟು, ಒಂದ್ಸಲ ಅಮ್ಮಾ ‘ಪಾಪ ಅನ್ವರಿ’ ಅನ್ಲಿ ಅಂತ ಬಂದೆ.”

ಇಬ್ಬರೂ ಅಜ್ಜಿಯಾಗುವ ವಯಸ್ಸಿನವರು, ರಸ್ತೆಯ ಆಚೆಗೊಬ್ಬಳು ಈಚೆಗೊಬ್ಬಳು ನಿಂತು ಇಷ್ಟು ವರ್ಷ ಒಬ್ಬರದನ್ನೊಬ್ಬರು ನೋಡಿ ಉರಿದುಕೊಂಡವರು.

ಮಂಚದ ಮೇಲೆ ಹಮೀದನ್ ಬೀ ಮಗ್ಗುಲಾದಳು. “ಅನ್ವರಿ ಕಡೆ ಬಂತೇನೇ? ಪಾಪ, ಅನ್ವರಿ...”

ಅನ್ವರಿ ತುಟಿಯ ಮೇಲೆ ಬೆರಳಿಟ್ಟು ಅಕ್ಕನಿಗೆ ಸನ್ನೆ ಮಾಡಿದಳು. ಉತ್ತರ ಕೊಡಬೇಡ, ಇನ್ನೊಂದು ಸಲ ಕೇಳಲಿ ಎಂದು. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ಗೆದ್ದವಳ ನಗುವಿತ್ತು.

ಅತ್ತಿಗೆ ಆ ನಗುವನ್ನು ನೋಡಿದಳು. ಎದ್ದಳು. ಗೋಡೆಯ ಹತ್ತಿರ ಹೋಗಿ, ಹೈಕೋರ್ಟಿನ ತನಕ ಹೋಗಿ ಗೆದ್ದು ತಂದ ಫ್ಯಾನಿನ ಸ್ವಿಚ್ಚನ್ನು ಟಕ್ಕೆಂದು ಆರಿಸಿದಳು. ಫ್ಯಾನು ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು. ನಡುಮನೆಯಲ್ಲಿ ಸೆಖೆ ತುಂಬಿಕೊಂಡಿತು, ನಾವು ಮೂವರೂ ಮಂಚದ ಕಡೆ ನೋಡುತ್ತ ಕಾದೆವು.

ಮುದುಕಿ ಕತ್ತಿನ ಬೆವರು ಒರೆಸಿಕೊಂಡಳು. “ಅಯ್ಯೋ, ಸರ್ವರೀ, ನಿನ್ನ ಕಡೆನೂ ಹೋಯ್ತಾ ಮಗಳೇ?”

“ಹೂಂ ಅಮ್ಮಾ, ಹೋಯ್ತು” ಅಂದಳು ಅತ್ತಿಗೆ, ತಂಗಿಯ ಮುಖವನ್ನೇ ನೋಡುತ್ತ.